ಫೈಲ್ ಮ್ಯಾನೇಜರ್‌ನ ಮೆನುಗಳಲ್ಲಿ ದಾರಿ ತಪ್ಪದಿರಲು: ಎಡಗಡೆ ಪಟ್ಟಿಯಿಂದ ರೈಟ್ ಕ್ಲಿಕ್‌ವರೆಗೆ ಸಮಗ್ರ ಮಾರ್ಗದರ್ಶಿ

ಮೊನ್ನೆ ಅಪ್ಪ ಫೋನ್ ಮಾಡಿದ್ದರು. ಸ್ವಲ್ಪ ಗಾಬರಿಯಲ್ಲೇ ಇದ್ದರು.

"ಡಾಕ್ಯುಮೆಂಟ್ಸ್‌ನಲ್ಲೇ ಇಟ್ಟಿದ್ದೆ ಕಣೋ, ಈಗ ನೋಡಿದ್ರೆ ಖಾಲಿ."

"ಯಾವ ಡಾಕ್ಯುಮೆಂಟ್ಸ್ ಅಪ್ಪ? ಮೇಲಿಂದ ಎಷ್ಟನೇದು?"

"ಎಷ್ಟನೇದು ಅಂದ್ರೆ? ಎರಡಿದ್ಯಾ?"

ಮೂರಿತ್ತು. ಫೈಲ್ ಮ್ಯಾನೇಜರ್, ಅಂದರೆ ಫೈಲ್, ಫೋಲ್ಡರ್ ತೆರೆದು ನೋಡುವ ಕಿಟಕಿ ಇದೆಯಲ್ಲ, ಅದರ ಎಡಗಡೆ ಪಟ್ಟಿಯಲ್ಲಿ ಒಂದೇ ಹೆಸರು ಮೂರು ಕಡೆ. ಅದರಲ್ಲಿ ಎರಡು ಒಂದೇ ಫೋಲ್ಡರ್‌ಗೆ ಹೋಗುತ್ತಿದ್ದವು, ಮೂರನೆಯದು ಬೇರೆಯೇ ಫೋಲ್ಡರ್. ಫೈಲ್ ಎಲ್ಲೂ ಹೋಗಿರಲಿಲ್ಲ, ಅಪ್ಪ ಇನ್ನೊಂದು ಬಾಗಿಲಲ್ಲಿ ಇಣುಕಿ ನೋಡುತ್ತಿದ್ದರು ಅಷ್ಟೇ. ಹತ್ತು ನಿಮಿಷದಲ್ಲಿ ಸಿಕ್ಕಿತು. ಆದರೆ ಆ ಹತ್ತು ನಿಮಿಷದಲ್ಲಿ ಅವರು ತಮಗೆ ಕಂಪ್ಯೂಟರ್ ಬರಲ್ಲ ಅಂತ ನಾಲ್ಕು ಸಲ ಹೇಳಿದರು. ನನಗೆ ಬೇಜಾರಾಗಿದ್ದು ಅದಕ್ಕೆ. ಯಾಕಂದ್ರೆ ಇದರಲ್ಲಿ ಅವರ ತಪ್ಪು ಏನೂ ಇರಲಿಲ್ಲ. ಮೂರು ಬೇರೆ ಬೇರೆ ಥರದ ವಸ್ತುಗಳನ್ನು ಒಂದೇ ಪಟ್ಟಿಯಲ್ಲಿ, ಒಂದೇ ಗಾತ್ರದ ಅಕ್ಷರದಲ್ಲಿ, ಪಕ್ಕ ಪಕ್ಕದಲ್ಲಿ ಇಟ್ಟರೆ ಯಾರಿಗಾದರೂ ಗೊಂದಲ ಆಗುತ್ತದೆ.

ಈ ಬರಹ ಅಪ್ಪನಿಗೆ ಹೇಳಿಕೊಟ್ಟಿದ್ದನ್ನೇ ಬಿಡಿಸಿ ಬರೆದದ್ದು. ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರ್, ಮ್ಯಾಕ್‌ನ ಫೈಂಡರ್, ಲಿನಕ್ಸ್‌ನಲ್ಲಿ ಗ್ನೋಮ್‌ನ ಫೈಲ್ಸ್ ಮತ್ತು ಕೆಡಿಇಯ ಡಾಲ್ಫಿನ್ (ಗ್ನೋಮ್, ಕೆಡಿಇ ಅಂದರೆ ಲಿನಕ್ಸ್‌ನ ಎರಡು ಬೇರೆ ಬೇರೆ ಡೆಸ್ಕ್‌ಟಾಪ್ ವ್ಯವಸ್ಥೆಗಳು), ಈ ನಾಲ್ಕನ್ನು ಇಟ್ಟುಕೊಂಡು ಹೇಳುತ್ತೇನೆ. ಕಂಪ್ಯೂಟರ್ ಮುಂದೆ ಕೂತು, ಓದುತ್ತಾ ಮಾಡುತ್ತಾ ಹೋಗಿ. ಸುಮ್ನೆ ಓದಿದರೆ ಇದು ತಲೆಗೆ ಹತ್ತಲ್ಲ.

ಮೊದಲು, ಆ ಪಟ್ಟಿಯಲ್ಲಿ ಇರುವುದು ಏನೇನು?

ಎಡಗಡೆ ಪಟ್ಟಿಯನ್ನು ಎಲ್ಲರೂ ಫೋಲ್ಡರ್‌ಗಳ ಪಟ್ಟಿ ಅಂದುಕೊಳ್ಳುತ್ತಾರೆ. ಅಲ್ಲ. ಅದರಲ್ಲಿ ಮೂರು ಜಾತಿ ಇದೆ.

ಒಂದು, ನಿಜವಾದ ಜಾಗಗಳು. ಡ್ರೈವ್, ಪೆನ್ ಡ್ರೈವ್, ಅದರೊಳಗಿನ ಫೋಲ್ಡರ್. ಫೈಲ್ ಇರುವುದು ಇಲ್ಲಿ ಮಾತ್ರ.

ಎರಡು, ಆ ಜಾಗಕ್ಕೆ ಕರೆದುಕೊಂಡು ಹೋಗುವ ಕೈಮರಗಳು. ವಿಂಡೋಸ್‌ನಲ್ಲಿ ಪಿನ್ ಮಾಡಿದ ಫೋಲ್ಡರ್‌ಗಳು, ಗ್ನೋಮ್‌ನಲ್ಲಿ ಬುಕ್‌ಮಾರ್ಕ್, ಫೈಂಡರ್‌ನಲ್ಲಿ ಫೇವರಿಟ್ಸ್. ಕೈಮರ ಕಿತ್ತರೆ ಊರು ಮಾಯ ಆಗಲ್ಲ, ದಾರಿ ತೋರಿಸುವ ಹಲಗೆ ಹೋಗುತ್ತದೆ ಅಷ್ಟೇ.

ಮೂರು, ಹುಡುಕಾಟದ ಫಲಿತಾಂಶಗಳು. ಇವೇ ಜಾಸ್ತಿ ತಲೆ ಕೆಡಿಸುವುದು. ಮ್ಯಾಕ್‌ನ ರೀಸೆಂಟ್ಸ್ ಅನ್ನುವುದು ಫೋಲ್ಡರೇ ಅಲ್ಲ. ನೀವು ಇತ್ತೀಚೆಗೆ ತೆರೆದ ಫೈಲ್‌ಗಳನ್ನು ಬೇರೆ ಬೇರೆ ಕಡೆಯಿಂದ ಹೆಕ್ಕಿ ಒಂದು ಪಟ್ಟಿ ಮಾಡಿ ತೋರಿಸುತ್ತದೆ. ವಿಂಡೋಸ್ 11ರ ಹೋಮ್ ಕೂಡ ಹಾಗೆಯೇ: ಪಿನ್ ಮಾಡಿದ ಫೋಲ್ಡರ್‌ಗಳು ಮೇಲೆ, ಇತ್ತೀಚಿನ ಫೈಲ್‌ಗಳು ಕೆಳಗೆ. ಅದರೊಳಗೆ ಹೋಗಿ ಏನನ್ನಾದರೂ ಪೇಸ್ಟ್ ಮಾಡೋಣ ಅಂದರೆ ಆಗಲ್ಲ, ಯಾಕಂದ್ರೆ ಅಲ್ಲಿ ಜಾಗವೇ ಇಲ್ಲ.

ಹೋಮ್ ಅನ್ನುವ ಪದದ ಬಗ್ಗೆ ಇಲ್ಲೇ ಒಂದು ಮಾತು. ಲಿನಕ್ಸ್‌ನಲ್ಲಿ ಹೋಮ್ ಅಂದರೆ ನಿಮ್ಮ ಹೆಸರಿನ ನಿಜವಾದ ಫೋಲ್ಡರ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲ ಅದರೊಳಗಿರುತ್ತವೆ. ಮ್ಯಾಕ್‌ನಲ್ಲೂ ಮನೆ ಚಿತ್ರದ ಫೋಲ್ಡರ್ ಅದೇ. ವಿಂಡೋಸ್ 11ರಲ್ಲಿ ಮಾತ್ರ ಹೋಮ್ ಅಂದರೆ ಮೇಲೆ ಹೇಳಿದ ಪಟ್ಟಿ, ಮೊದಲು ಕ್ವಿಕ್ ಆಕ್ಸೆಸ್ ಅಂತಿದ್ದ ಪುಟದ ಹೊಸ ಹೆಸರು. ಚಿತ್ರ ಒಂದೇ, ಪದ ಒಂದೇ, ಅರ್ಥ ಬೇರೆ. ಆಫೀಸಿನಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಬಳಸುವವರು ದಿನಾ ಎಡವುವುದು ಇಲ್ಲೇ.

ಹಂತ 1: ಪೂರ್ತಿ ವಿಳಾಸ ಕಾಣುವ ಹಾಗೆ ಮಾಡಿಕೊಳ್ಳಿ

ಎಡಗಡೆ ಪಟ್ಟಿ ಏನೇ ಹೇಳಲಿ, ನಂಬಬೇಕಾದದ್ದು ಪೂರ್ತಿ ವಿಳಾಸವನ್ನು. ಒಂದೇ ಹೆಸರಿನ ಎರಡು ಫೋಲ್ಡರ್ ಇರಬಹುದು, ಒಂದೇ ವಿಳಾಸದಲ್ಲಿ ಎರಡು ಫೋಲ್ಡರ್ ಇರಲು ಸಾಧ್ಯವಿಲ್ಲ. ತೊಂದರೆ ಏನಂದ್ರೆ ಈಗಿನ ಫೈಲ್ ಮ್ಯಾನೇಜರ್‌ಗಳು ವಿಳಾಸವನ್ನು ಅರ್ಧ ಮಾತ್ರ ತೋರಿಸುತ್ತವೆ. ಡಾಕ್ಯುಮೆಂಟ್ಸ್‌ಗೆ ಹೋದರೆ ಮೇಲೆ ಬರೀ ‘ಡಾಕ್ಯುಮೆಂಟ್ಸ್’ ಅಂತ ಬರುತ್ತದೆ. ಯಾವ ಡಾಕ್ಯುಮೆಂಟ್ಸ್ ಅಂತ ತಾನೇ ನಮ್ಮ ಪ್ರಶ್ನೆ.

ವಿಂಡೋಸ್‌ನಲ್ಲಿ: ಅಡ್ರೆಸ್ ಬಾರ್‌ನ ಬಲಗಡೆ ಖಾಲಿ ಜಾಗದಲ್ಲಿ ಒಂದು ಸಲ ಕ್ಲಿಕ್ ಮಾಡಿ, ಅಥವಾ ಆಲ್ಟ್ ಜೊತೆ ಡಿ ಒತ್ತಿ. ಹೆಸರುಗಳ ಸರಪಳಿ ಹೋಗಿ ಸಿ ಡ್ರೈವ್‌ನಿಂದ ಶುರುವಾಗುವ ಸಾಲು ಬರುತ್ತದೆ. ಅಲ್ಲೂ ಬರೀ ಹೆಸರೇ ಬಂದರೆ ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಥರದ ಫೋಲ್ಡರ್‌ಗಳಿಗೆ ಅಲ್ಲಿ ಲೊಕೇಶನ್ ಅನ್ನುವ ಟ್ಯಾಬ್ ಇರುತ್ತದೆ. ಅದು ಸುಳ್ಳು ಹೇಳಲ್ಲ.

ಮ್ಯಾಕ್‌ನಲ್ಲಿ: ಮೇಲಿನ ವ್ಯೂ ಮೆನುವಿನಲ್ಲಿ ‘ಶೋ ಪಾಥ್ ಬಾರ್’ ಒತ್ತಿ. ಕಿಟಕಿಯ ಕೆಳಗೆ ಒಂದು ಪಟ್ಟಿ ಬಂದು ಕೂರುತ್ತದೆ, ಮತ್ತೆ ಯಾವತ್ತೂ ಅದನ್ನು ಮುಚ್ಚಬೇಡಿ. ಇದನ್ನು ಯಾಕೆ ಮೊದಲಿಂದಲೇ ತೆರೆದು ಇಟ್ಟಿಲ್ಲವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಇನ್ನೊಂದು ದಾರಿ, ಕಮಾಂಡ್ ಒತ್ತಿಕೊಂಡು ಕಿಟಕಿಯ ಮೇಲಿನ ಹೆಸರಿನ ಮೇಲೆ ಕ್ಲಿಕ್ ಮಾಡುವುದು. ಆ ಫೋಲ್ಡರ್ ಯಾವುದರೊಳಗಿದೆ, ಅದು ಯಾವುದರೊಳಗಿದೆ ಅಂತ ಸಾಲಾಗಿ ತೋರಿಸುತ್ತದೆ.

ಲಿನಕ್ಸ್‌ನಲ್ಲಿ: ಫೈಲ್ಸ್ ಆಗಲಿ ಡಾಲ್ಫಿನ್ ಆಗಲಿ, ಕಂಟ್ರೋಲ್ ಜೊತೆ ಎಲ್ ಒತ್ತಿದರೆ ಪೂರ್ತಿ ವಿಳಾಸ ಅಕ್ಷರದಲ್ಲಿ ಬರುತ್ತದೆ.

ಹಂತ 2: ಒಂದು ಗುರುತಿನ ಫೋಲ್ಡರ್ ಇಟ್ಟು ನೋಡಿ

ಇದು ನಾನೇ ಮಾಡಿಕೊಂಡ ಉಪಾಯ. ಯಾವ ಸಹಾಯ ಪುಟಕ್ಕಿಂತ ಬೇಗ ಕೆಲಸ ಮಾಡುತ್ತದೆ.

ಎಡಗಡೆ ಪಟ್ಟಿಯ ಮೊದಲ ಡಾಕ್ಯುಮೆಂಟ್ಸ್ ತೆರೆಯಿರಿ. ಅದರಲ್ಲಿ ಒಂದು ಹೊಸ ಫೋಲ್ಡರ್ ಮಾಡಿ, ‘000 ಗುರುತು’ ಅಂತ ಹೆಸರಿಡಿ. ಮುಂದೆ ಸೊನ್ನೆ ಯಾಕಂದ್ರೆ, ಹೆಸರಿನ ಪ್ರಕಾರ ಜೋಡಿಸಿದ್ದರೆ ಅದು ಪಟ್ಟಿಯ ತಲೆಯಲ್ಲೇ ಬಂದು ನಿಲ್ಲುತ್ತದೆ, ಹುಡುಕಬೇಕಾಗಿಲ್ಲ. ಈಗ ಪಟ್ಟಿಯಲ್ಲಿ ಡಾಕ್ಯುಮೆಂಟ್ಸ್ ಅಂತ ಇನ್ನೆಲ್ಲೆಲ್ಲಿ ಇದೆಯೋ ಒಂದೊಂದಾಗಿ ತೆರೆದು ನೋಡಿ. ಗುರುತು ಕಂಡರೆ ಅದು ಅದೇ ಕೋಣೆ, ಬಾಗಿಲು ಮಾತ್ರ ಬೇರೆ. ಕಾಣದಿದ್ದರೆ ಅದು ಬೇರೆ ಕೋಣೆ, ಹಂತ 1ರಲ್ಲಿ ಹೇಳಿದ ಹಾಗೆ ಅದರ ವಿಳಾಸ ನೋಡಿಕೊಳ್ಳಿ.

ಅಪ್ಪನ ಕಂಪ್ಯೂಟರ್‌ನಲ್ಲಿ ಆಗಿದ್ದು ಇಷ್ಟು. ಮೊದಲನೆಯ ಎರಡರಲ್ಲಿ ಗುರುತು ಕಾಣಿಸಿತು. ಮೂರನೆಯದರ ವಿಳಾಸದ ನಡುವೆ ಒಂದು ಕ್ಲೌಡ್ ಸೇವೆಯ, ಅಂದರೆ ಫೈಲ್‌ಗಳನ್ನು ಇಂಟರ್‌ನೆಟ್‌ನಲ್ಲಿ ಇಡುವ ಸೇವೆಯ, ಹೆಸರಿತ್ತು. ಯಾವಾಗಲೋ ಬ್ಯಾಕಪ್ ಬೇಕಾ ಅಂತ ಕೇಳಿದ್ದಕ್ಕೆ ಅವರು ಹೂಂ ಅಂದಿದ್ದಾರೆ, ಆಮೇಲೆ ಇನ್ಯಾವಾಗಲೋ ಬೇಡ ಅಂದಿದ್ದಾರೆ. ಮಧ್ಯೆ ಉಳಿಸಿದ ಫೈಲ್‌ಗಳೆಲ್ಲ ಕ್ಲೌಡ್ ಫೋಲ್ಡರ್‌ನೊಳಗಿನ ಡಾಕ್ಯುಮೆಂಟ್ಸ್‌ನಲ್ಲೇ ಉಳಿದುಬಿಟ್ಟಿದ್ದವು.

ಇದು ಅಪರೂಪದ ವಿಷಯ ಅಲ್ಲ. ವಿಂಡೋಸ್‌ನಲ್ಲಿ ಒನ್‌ಡ್ರೈವ್‌ನ ಫೋಲ್ಡರ್ ಬ್ಯಾಕಪ್ ಚಾಲೂ ಮಾಡಿದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಈ ಫೋಲ್ಡರ್‌ಗಳ ವಿಳಾಸವೇ ಬದಲಾಗಿ, ಒನ್‌ಡ್ರೈವ್ ಫೋಲ್ಡರ್‌ನೊಳಗೆ ಹೋಗುತ್ತದೆ. ಮ್ಯಾಕ್‌ನಲ್ಲಿ ಐಕ್ಲೌಡ್‌ಗೆ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಸೇರಿಸಿದರೆ, ಎಡಗಡೆ ಪಟ್ಟಿಯಲ್ಲಿ ಅವು ಐಕ್ಲೌಡ್ ಅನ್ನುವ ತಲೆಬರಹದ ಕೆಳಗೆ ಹೋಗಿ ಕೂರುತ್ತವೆ. ಬ್ಯಾಕಪ್ ಬೇಕೋ ಬೇಡವೋ ನಿಮಗೆ ಬಿಟ್ಟಿದ್ದು. ಆದರೆ ಬೇಕು ಅಂತ ಒಮ್ಮೆ, ಬೇಡ ಅಂತ ಇನ್ನೊಮ್ಮೆ ಮಾತ್ರ ಮಾಡಬೇಡಿ.

ಬೇರೆ ಕೋಣೆ ಸಿಕ್ಕರೆ ಏನು ಮಾಡುವುದು? ಯಾವುದನ್ನು ಇಟ್ಟುಕೊಳ್ಳುತ್ತೀರಿ ಅಂತ ನಿರ್ಧಾರ ಮಾಡಿ. ಇನ್ನೊಂದರಲ್ಲಿ ಇರುವುದನ್ನು ಅದಕ್ಕೆ ಕಾಪಿ ಮಾಡಿ. ಕಟ್ ಬೇಡ, ಕಾಪಿ. ಒಂದೇ ಹೆಸರಿನ ಫೈಲ್ ಎರಡೂ ಕಡೆ ಇದೆ ಅಂತ ಕೇಳಿದರೆ ಅವಸರದಲ್ಲಿ ‘ರಿಪ್ಲೇಸ್’ ಒತ್ತಬೇಡಿ, ಎರಡನ್ನೂ ಇಟ್ಟುಕೊಳ್ಳಿ. ಒಂದು ವಾರ ಬಿಟ್ಟು, ಏನೂ ಕಾಣೆಯಾಗಿಲ್ಲ ಅಂತ ಖಾತ್ರಿಯಾದ ಮೇಲೆ ಹಳೆಯದನ್ನು ಖಾಲಿ ಮಾಡಿ. ಗುರುತಿನ ಫೋಲ್ಡರ್ ಕೂಡ ಅಳಿಸಿ, ಇಲ್ಲದಿದ್ದರೆ ವರ್ಷ ಕಳೆದ ಮೇಲೆ ಇದೇನಿದು ಅಂತ ನೀವೇ ಕೇಳುತ್ತೀರಿ.

ಹಂತ 3: ಪಟ್ಟಿಯನ್ನು ಕತ್ತರಿಸಿ

ಈಗ ಯಾವುದು ಏನು ಅಂತ ಗೊತ್ತಾಯಿತಲ್ಲ, ಬೇಡದ್ದನ್ನು ತೆಗೆಯೋಣ. ನನ್ನ ಲೆಕ್ಕ ಏನಂದ್ರೆ, ಸ್ಕ್ರಾಲ್ ಮಾಡದೆ ಕಾಣುವಷ್ಟು ಮಾತ್ರ ಇರಬೇಕು. ನನ್ನದರಲ್ಲಿ ಆರು ಇವೆ: ನನ್ನ ಹೆಸರಿನ ಫೋಲ್ಡರ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಈ ತಿಂಗಳ ಕೆಲಸದ ಫೋಲ್ಡರ್, ಮತ್ತೆ ಡ್ರೈವ್‌ಗಳು. ಮ್ಯೂಸಿಕ್, ವಿಡಿಯೋಸ್ ವರ್ಷದಲ್ಲಿ ಒಂದು ಸಲವೂ ಮುಟ್ಟಲ್ಲ, ತೆಗೆದುಬಿಟ್ಟೆ.

ವಿಂಡೋಸ್‌ನಲ್ಲಿ ಪಿನ್ ಮಾಡಿದ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ‘ಅನ್‌ಪಿನ್ ಫ್ರಮ್ ಕ್ವಿಕ್ ಆಕ್ಸೆಸ್’. ಬೇಕಾದ ಫೋಲ್ಡರ್ ಸೇರಿಸಲು ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಪಿನ್. ಆಮೇಲೆ ಮೇಲಿನ ಮೂರು ಚುಕ್ಕಿ ಒತ್ತಿ ಆಪ್ಷನ್ಸ್‌ಗೆ ಹೋಗಿ. ಅಲ್ಲಿ ಮೊದಲ ಸಾಲಿನಲ್ಲೇ ಎಕ್ಸ್‌ಪ್ಲೋರರ್ ತೆರೆದಾಗ ಏನು ಕಾಣಬೇಕು ಅಂತ ಕೇಳುತ್ತದೆ. ಹೋಮ್ ಬದಲು ‘ದಿಸ್ ಪಿಸಿ’ ಆರಿಸಿ. ಹುಡುಕಾಟದ ಪಟ್ಟಿಯ ಬದಲು ನಿಜವಾದ ಜಾಗದಲ್ಲಿ ದಿನ ಶುರುವಾಗುತ್ತದೆ. ಅದೇ ಕಿಟಕಿಯ ಕೆಳಗಡೆ ಪ್ರೈವಸಿ ಅನ್ನುವ ಭಾಗದಲ್ಲಿ ಇತ್ತೀಚಿನ ಫೈಲ್ ತೋರಿಸುವ ಟಿಕ್‌ಗಳಿವೆ, ಬೇಡ ಅಂದರೆ ತೆಗೆಯಿರಿ.

ವಿಂಡೋಸ್‌ನದೇ ಒಂದು ಸಣ್ಣ ಸಂಗತಿ, ಆದರೆ ಬಹಳ ಜನಕ್ಕೆ ಗೊತ್ತಿಲ್ಲ. ಎಡಗಡೆ ಪಟ್ಟಿಯ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿದರೆ ‘ಎಕ್ಸ್‌ಪ್ಯಾಂಡ್ ಟು ಕರೆಂಟ್ ಫೋಲ್ಡರ್’ ಅಂತ ಸಿಗುತ್ತದೆ. ಅದನ್ನು ಚಾಲೂ ಮಾಡಿದರೆ ನೀವು ಬಲಗಡೆ ಯಾವ ಫೋಲ್ಡರ್‌ಗೆ ಹೋದರೂ ಎಡಗಡೆ ಮರ ತಾನೇ ಬಿಚ್ಚಿಕೊಂಡು, ನೀವು ನಿಂತ ಕೊಂಬೆಯನ್ನು ತೋರಿಸುತ್ತದೆ. ಕೆಲವರಿಗೆ ಇದು ಪಂಚಪ್ರಾಣ. ನನಗೆ ಪಟ್ಟಿ ಜಿಗಿದಾಡುವುದು ಇಷ್ಟವಿಲ್ಲ, ಹಾಗಾಗಿ ನಾನು ಬಳಸಲ್ಲ. ಎರಡು ದಿನ ಇಟ್ಟು ನೋಡಿ.

ಮ್ಯಾಕ್‌ನಲ್ಲಿ ಫೈಂಡರ್ ತೆರೆದು ಕಮಾಂಡ್ ಜೊತೆ ಅಲ್ಪವಿರಾಮ ಒತ್ತಿದರೆ ಸೆಟ್ಟಿಂಗ್ಸ್ ಬರುತ್ತದೆ. ಸೈಡ್‌ಬಾರ್ ಟ್ಯಾಬ್‌ನಲ್ಲಿ ಬೇಡದ ಟಿಕ್ ತೆಗೆಯಿರಿ, ನಿಮ್ಮ ಹೆಸರಿನ ಮನೆ ಚಿತ್ರದ ಫೋಲ್ಡರ್‌ಗೆ ಟಿಕ್ ಹಾಕಿ. ಜನರಲ್ ಟ್ಯಾಬ್‌ನಲ್ಲಿ ಹೊಸ ಕಿಟಕಿ ಯಾವ ಫೋಲ್ಡರ್‌ನಿಂದ ತೆರೆಯಬೇಕು ಅಂತ ಇರುತ್ತದೆ. ರೀಸೆಂಟ್ಸ್ ಇದ್ದರೆ ಬದಲಾಯಿಸಿ.

ಲಿನಕ್ಸ್‌ನ ಫೈಲ್ಸ್‌ನಲ್ಲಿ ಬೇಕಾದ ಫೋಲ್ಡರ್‌ನೊಳಗೆ ಹೋಗಿ ಕಂಟ್ರೋಲ್ ಜೊತೆ ಡಿ ಒತ್ತಿದರೆ ಬುಕ್‌ಮಾರ್ಕ್ ಆಗುತ್ತದೆ. ಡಾಲ್ಫಿನ್‌ನಲ್ಲಿ ಬೇಡದ್ದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಹೈಡ್’ ಅಂದರೆ ಸಾಕು. ಮರೆಯಾದದ್ದನ್ನು ಮತ್ತೆ ತೋರಿಸುವ ದಾರಿಯೂ ಅದೇ ಮೆನುವಿನಲ್ಲಿದೆ. ಈ ವಿಷಯದಲ್ಲಿ ಡಾಲ್ಫಿನ್ ಎಲ್ಲರಿಗಿಂತ ಮುಂದೆ ಅಂತ ನನ್ನ ಅನಿಸಿಕೆ.

ಹಂತ 4: ಇಲ್ಲಿ ಮಾತ್ರ ಜೋಪಾನ

ಪಟ್ಟಿಯಿಂದ ತೆಗೆಯುವುದು ಬೇರೆ, ಅಳಿಸುವುದು ಬೇರೆ. ಕೈಮರದ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಎರಡೂ ಒಂದೇ ಮೆನುವಿನಲ್ಲಿ ಸಿಗಬಹುದು. ‘ಅನ್‌ಪಿನ್’, ‘ರಿಮೂವ್ ಫ್ರಮ್’, ‘ಹೈಡ್’ ಅಂತಿದ್ದರೆ ಹಲಗೆ ಹೋಗುತ್ತದೆ. ‘ಡಿಲೀಟ್’ ಅಥವಾ ‘ಮೂವ್ ಟು ಟ್ರ್ಯಾಶ್’ ಅಂತಿದ್ದರೆ ಫೋಲ್ಡರೇ ಹೋಗುತ್ತದೆ, ಒಳಗಿನದೆಲ್ಲ ಸೇರಿ.

ಇತ್ತೀಚಿನ ಫೈಲ್‌ಗಳ ಪಟ್ಟಿಯಲ್ಲಿ ಇದು ಇನ್ನೂ ಅಪಾಯ. ಪಟ್ಟಿ ಉದ್ದ ಆಯ್ತು, ಸ್ವಲ್ಪ ಗುಡಿಸೋಣ ಅಂತ ನಾಲ್ಕು ಫೈಲ್ ಆರಿಸಿ ಕೀಬೋರ್ಡ್‌ನ ಡಿಲೀಟ್ ಒತ್ತುತ್ತಾರೆ. ಪಟ್ಟಿ ಚೊಕ್ಕ ಆಗುತ್ತದೆ, ಜೊತೆಗೆ ಎಲ್ಲೋ ಇದ್ದ ಅಸಲಿ ಫೈಲ್‌ಗಳೂ ಕಸದ ಬುಟ್ಟಿಗೆ ಹೋಗುತ್ತವೆ. ಹಾಗೆ ಆಗಿದ್ದರೆ ಬುಟ್ಟಿ ಖಾಲಿ ಮಾಡದೆ, ಅದರೊಳಗೆ ಹೋಗಿ ‘ರಿಸ್ಟೋರ್’ ಒತ್ತಿ. ಮ್ಯಾಕ್‌ನಲ್ಲಾದರೆ ಅದರ ಹೆಸರು ‘ಪುಟ್ ಬ್ಯಾಕ್’. ಇದ್ದ ಜಾಗಕ್ಕೇ ವಾಪಸ್ ಹೋಗುತ್ತವೆ.

ಆ ಪಟ್ಟಿಯಲ್ಲಿ ಕಂಡ ಫೈಲ್ ನಿಜವಾಗಿ ಎಲ್ಲಿದೆ ಅಂತ ತಿಳಿಯಲು ಅದರ ಮೇಲೆ ರೈಟ್ ಕ್ಲಿಕ್ ಮಾಡಿ. ವಿಂಡೋಸ್‌ನಲ್ಲಿ ‘ಓಪನ್ ಫೈಲ್ ಲೊಕೇಶನ್’, ಮ್ಯಾಕ್‌ನಲ್ಲಿ ‘ಶೋ ಇನ್ ಎನ್‌ಕ್ಲೋಸಿಂಗ್ ಫೋಲ್ಡರ್’, ಫೈಲ್ಸ್‌ನಲ್ಲಿ ‘ಓಪನ್ ಐಟಂ ಲೊಕೇಶನ್’.

ಇನ್ನೊಂದು ಎಚ್ಚರಿಕೆ ಪೆನ್ ಡ್ರೈವ್‌ದು. ವಿಂಡೋಸ್‌ನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಇಜೆಕ್ಟ್’ ಮತ್ತು ‘ಫಾರ್ಮ್ಯಾಟ್’ ಹತ್ತಿರ ಹತ್ತಿರವೇ ಇರುತ್ತವೆ. ಒಂದು ಹೊರಗೆ ತೆಗೆಯಲು, ಇನ್ನೊಂದು ಪೂರ್ತಿ ಒರೆಸಿಹಾಕಲು. ಇಂಥ ಎರಡನ್ನು ನೆರೆಮನೆ ಮಾಡಿದ ಪುಣ್ಯಾತ್ಮ ಯಾರೋ! ಫಾರ್ಮ್ಯಾಟ್ ಒತ್ತಿದರೂ ತಕ್ಷಣ ಒರೆಸಲ್ಲ, ಒಂದು ಕಿಟಕಿ ತೆರೆದು ಕೇಳುತ್ತದೆ. ಅಲ್ಲಿ ಏನೂ ಒತ್ತದೆ ಮುಚ್ಚಿಬಿಡಿ.

ಹಂತ 5: ಹಿಂದಕ್ಕೆ ಬೇರೆ, ಮೇಲಕ್ಕೆ ಬೇರೆ

ಎಡಕ್ಕೆ ತಿರುಗಿದ ಬಾಣ ನಿಮ್ಮನ್ನು ಹಿಂದೆ ಇದ್ದ ಕಡೆಗೆ ಕಳಿಸುತ್ತದೆ, ಅದು ಎಲ್ಲೇ ಇರಲಿ. ಮೇಲಕ್ಕೆ ತಿರುಗಿದ ಬಾಣ ಈ ಫೋಲ್ಡರ್ ಯಾವುದರೊಳಗಿದೆಯೋ ಅಲ್ಲಿಗೆ ಕಳಿಸುತ್ತದೆ. ಫೋಲ್ಡರ್ ಒಳಗೆ ಫೋಲ್ಡರ್ ಅಂತ ಸಾಲಾಗಿ ಹೋದಾಗ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಒಂದೇ ಅಂದುಕೊಳ್ಳುತ್ತೇವೆ. ಎಡಗಡೆ ಪಟ್ಟಿಯಿಂದ ನೇರವಾಗಿ ಜಿಗಿದಾಗ ಬಣ್ಣ ಬಯಲಾಗುತ್ತದೆ. ಡೌನ್‌ಲೋಡ್ಸ್‌ನಿಂದ ಪೆನ್ ಡ್ರೈವ್‌ನ ಯಾವುದೋ ಫೋಲ್ಡರ್‌ಗೆ ಜಿಗಿದು ‘ಹಿಂದಕ್ಕೆ’ ಒತ್ತಿದರೆ ಮತ್ತೆ ಡೌನ್‌ಲೋಡ್ಸ್. ‘ಮೇಲಕ್ಕೆ’ ಒತ್ತಿದರೆ ಪೆನ್ ಡ್ರೈವ್.

ವಿಂಡೋಸ್ ಎಕ್ಸ್‌ಪಿ ಕಾಲದಿಂದ ಬಳಸುತ್ತಿರುವವರಿಗೆ ಒಂದು ಹಳೇ ಅಭ್ಯಾಸ ಇರುತ್ತದೆ, ಬ್ಯಾಕ್‌ಸ್ಪೇಸ್ ಒತ್ತಿದರೆ ಮೇಲಕ್ಕೆ ಹೋಗುತ್ತದೆ ಅಂತ. ಆಗ ಹೋಗುತ್ತಿತ್ತು. ವಿಸ್ಟಾದಿಂದ ಅದು ಹಿಂದಕ್ಕೆ ಅಂತಾಯಿತು. ಮೇಲಕ್ಕೆ ಹೋಗುವ ಬಟನ್ ಕೂಡ ವಿಸ್ಟಾದಲ್ಲಿ ಮತ್ತು ವಿಂಡೋಸ್ 7ರಲ್ಲಿ ಇರಲಿಲ್ಲ, ವಿಂಡೋಸ್ 8ರಲ್ಲಿ ವಾಪಸ್ ಬಂತು. ಅದೇ 8ರಲ್ಲಿ, 2012ರಲ್ಲಿ, ತಲೆ ಮೇಲೆ ದೊಡ್ಡ ರಿಬ್ಬನ್, ಅಂದರೆ ಬಟನ್‌ಗಳ ಅಗಲ ಪಟ್ಟಿ, ಬಂತು. 2021ರಲ್ಲಿ ವಿಂಡೋಸ್ 11 ಬಂದಾಗ ರಿಬ್ಬನ್ ಹೋಯಿತು. ಬಟನ್ ಹುಡುಕುತ್ತಾ ಕೂತರೆ ಪ್ರತಿ ಸಲವೂ ಹೊಸದಾಗಿ ಕಲಿಯಬೇಕು, ಹಾಗಾಗಿ ಕೀಲಿಗಳನ್ನೇ ಕೈಗೆ ಅಭ್ಯಾಸ ಮಾಡಿಸಿ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಮೇಲಕ್ಕೆ ಹೋಗಲು ಆಲ್ಟ್ ಜೊತೆ ಮೇಲಿನ ಬಾಣ, ಹಿಂದಕ್ಕೆ ಆಲ್ಟ್ ಜೊತೆ ಎಡ ಬಾಣ. ಮ್ಯಾಕ್‌ನಲ್ಲಿ ಮೇಲಕ್ಕೆ ಕಮಾಂಡ್ ಜೊತೆ ಮೇಲಿನ ಬಾಣ, ಹಿಂದಕ್ಕೆ ಕಮಾಂಡ್ ಜೊತೆ ಚೌಕ ಆವರಣದ ಎಡ ಚಿಹ್ನೆ.

ಹಂತ 6: ರೈಟ್ ಕ್ಲಿಕ್ ಮೆನುವಿನ ಲೆಕ್ಕಾಚಾರ

ನಿನ್ನೆ ಇದ್ದ ಆಯ್ಕೆ ಇವತ್ತು ಇಲ್ಲ! ಈ ದೂರು ಎಷ್ಟು ಸಲ ಕೇಳಿದ್ದೇನೋ. ಬಹಳ ಸಲ ಕಾರಣ ಒಂದೇ, ಕ್ಲಿಕ್ ಮಾಡಿದ ಜಾಗ ಬೇರೆ. ಫೈಲ್ ಮೇಲೆ ಒತ್ತಿದರೆ ಆ ಫೈಲ್‌ಗೆ ಮಾಡಬಹುದಾದ ಕೆಲಸಗಳು ಬರುತ್ತವೆ. ಖಾಲಿ ಜಾಗದಲ್ಲಿ ಒತ್ತಿದರೆ ಈ ಫೋಲ್ಡರ್‌ಗೆ ಸಂಬಂಧಪಟ್ಟದ್ದು. ವಿಂಡೋಸ್‌ನಲ್ಲಿ ‘ನ್ಯೂ’ ಅನ್ನುವುದು ಫೈಲ್ ಮೇಲೆ ಒತ್ತಿದರೆ ಯಾವತ್ತೂ ಬರಲ್ಲ, ಖಾಲಿ ಜಾಗದಲ್ಲಿ ಮಾತ್ರ. ಇನ್ನು ಒಂದು ಫೋಲ್ಡರ್ ಮೇಲೆ ಒತ್ತಿ ಪೇಸ್ಟ್ ಅಂದರೆ ಅದರ ಪಕ್ಕಕ್ಕೆ ಬರಲ್ಲ, ಅದರ ಒಳಗೆ ಹೋಗುತ್ತದೆ. ಕಾಪಿ ಮಾಡಿದ್ದು ಎಲ್ಲೋ ಹೋಯಿತು ಅನ್ನುವವರು ಮೊದಲು ಪಕ್ಕದ ಫೋಲ್ಡರ್‌ಗಳ ಒಳಗೆ ನೋಡಬೇಕು.

ಫೋಲ್ಡರ್ ತುಂಬಾ ಫೈಲ್ ಇದ್ದಾಗ ಖಾಲಿ ಜಾಗವೇ ಸಿಗಲ್ಲ. ಆಗ ಮೆನು ಮರೆತುಬಿಡಿ. ಪೇಸ್ಟ್‌ಗೆ ಕಂಟ್ರೋಲ್ ಜೊತೆ ವಿ. ಹೊಸ ಫೋಲ್ಡರ್‌ಗೆ ವಿಂಡೋಸ್‌ನಲ್ಲೂ ಫೈಲ್ಸ್‌ನಲ್ಲೂ ಕಂಟ್ರೋಲ್, ಶಿಫ್ಟ್, ಎನ್ ಮೂರೂ ಒಟ್ಟಿಗೆ. ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್.

ವಿಂಡೋಸ್ 11ರ ಮೆನು ಇನ್ನೊಂದು ಕಥೆ. ಅಲ್ಲಿ ಎರಡು ಮೆನುಗಳಿವೆ, ಹೊಸ ಚಿಕ್ಕದು ಮೊದಲು, ‘ಶೋ ಮೋರ್ ಆಪ್ಷನ್ಸ್’ ಒತ್ತಿದರೆ ಹಳೇ ಉದ್ದದ್ದು. ಕಟ್, ಕಾಪಿ, ರಿನೇಮ್, ಡಿಲೀಟ್ ಇವೆಲ್ಲ ಹೊಸ ಮೆನುವಿನಲ್ಲಿ ಸಾಲುಗಳಾಗಿ ಇಲ್ಲ, ಒಂದು ತುದಿಯಲ್ಲಿ ಚಿಕ್ಕ ಚಿತ್ರಗಳಾಗಿ ಇವೆ. ಮೊದಲ ಆವೃತ್ತಿಗಳಲ್ಲಿ ಆ ಚಿತ್ರಗಳಿಗೆ ಹೆಸರೂ ಇರಲಿಲ್ಲ, ಕಣ್ಣು ಅಕ್ಷರ ಹುಡುಕುತ್ತಾ ಚಿತ್ರವನ್ನು ದಾಟಿಕೊಂಡು ಹೋಗಿಬಿಡುತ್ತಿತ್ತು. ಮೆನು ಸ್ಕ್ರೀನ್‌ನ ಕೆಳಗಡೆ ತೆರೆದುಕೊಂಡರೆ ಆ ಚಿತ್ರಗಳ ಸಾಲು ಮೇಲಿಂದ ಕೆಳಕ್ಕೆ ಬಂದುಬಿಡುತ್ತದೆ ಬೇರೆ. ಹಳೇ ಮೆನುವೇ ಬೇಕು ಅನ್ನುವವರು ಶಿಫ್ಟ್ ಒತ್ತಿಕೊಂಡು ರೈಟ್ ಕ್ಲಿಕ್ ಮಾಡಿ, ನೇರವಾಗಿ ಅದೇ ಬರುತ್ತದೆ. ಹೆಸರು ಬದಲಿಸಲು ಎಫ್2, ಪ್ರಾಪರ್ಟೀಸ್‌ಗೆ ಆಲ್ಟ್ ಜೊತೆ ಎಂಟರ್, ವಿಳಾಸ ಕಾಪಿ ಮಾಡಲು ಕಂಟ್ರೋಲ್, ಶಿಫ್ಟ್, ಸಿ. ಈ ಮೂರು ಬಂದರೆ ಮೆನುವಿನ ಅರ್ಧ ಕೆಲಸ ಮುಗಿಯಿತು.

ಉದ್ದದ ಮೆನುವಿಗೆ ಕಾರಣ ಸಾಮಾನ್ಯವಾಗಿ ನೀವು ಹಾಕಿಕೊಂಡ ಬೇರೆ ಬೇರೆ ತಂತ್ರಾಂಶಗಳು. ಪ್ರತಿಯೊಂದೂ ಬಂದು ಒಂದು ಸಾಲು ಸೇರಿಸಿ ಹೋಗುತ್ತದೆ. ತೆಗೆಯುವ ದಾರಿ ಆಯಾ ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲೇ ಇರುವುದು ಜಾಸ್ತಿ. ಉದಾಹರಣೆಗೆ ಫೈಲ್‌ಗಳನ್ನು ಜಿಪ್ ಮಾಡುವ ಸೆವೆನ್-ಜಿಪ್‌ನಲ್ಲಿ ಟೂಲ್ಸ್, ಆಪ್ಷನ್ಸ್ ಅಂತ ಹೋದರೆ ಮೆನುವಿನಲ್ಲಿ ಯಾವ ಯಾವ ಸಾಲು ಬೇಕು ಅಂತ ಒಂದೊಂದಕ್ಕೂ ಟಿಕ್ ಇದೆ. ಡಾಲ್ಫಿನ್‌ನಲ್ಲಿ ಇನ್ನೂ ಸುಲಭ, ಅದರ ಸೆಟ್ಟಿಂಗ್ಸ್‌ನಲ್ಲೇ ‘ಕಾಂಟೆಕ್ಸ್ಟ್ ಮೆನು’ ಅಂತ ಪುಟ ಇದೆ. ಬೇಡದ್ದಕ್ಕೆಲ್ಲ ಟಿಕ್ ತೆಗೆಯುತ್ತಾ ಹೋಗಿ. ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್ಸ್ ಇಟ್ಟುಕೊಳ್ಳುವ ರಿಜಿಸ್ಟ್ರಿಯನ್ನು ತಿದ್ದಿ ಮೆನು ಬದಲಿಸುವ ಉಪಾಯಗಳೂ ಇವೆ. ನಾನು ಹೇಳಿಕೊಡಲ್ಲ. ಎರಡು ಸಾಲು ಕಮ್ಮಿ ಮಾಡಲು ಅಷ್ಟು ದೊಡ್ಡ ರಿಸ್ಕ್ ಬೇಡ.

ಮ್ಯಾಕ್‌ನಲ್ಲಿ ಮೆನು ತೆರೆದಾಗ ಆಪ್ಷನ್ ಕೀಲಿ ಒತ್ತಿ ನೋಡಿ. ಕಣ್ಣೆದುರೇ ಸಾಲುಗಳು ಬದಲಾಗುತ್ತವೆ. ‘ಕಾಪಿ’ ಇದ್ದದ್ದು ‘ಕಾಪಿ ಆಸ್ ಪಾಥ್‌ನೇಮ್’ ಆಗುತ್ತದೆ, ಮೇಲಿನ ಗೋ ಮೆನುವಿನಲ್ಲಿ ಅಡಗಿದ್ದ ಲೈಬ್ರರಿ ಫೋಲ್ಡರ್ ಕಾಣಿಸಿಕೊಳ್ಳುತ್ತದೆ. ವಿಂಡೋಸ್‌ನಿಂದ ಬಂದವರು ಮ್ಯಾಕ್‌ನಲ್ಲಿ ಫೈಲ್ ಕಟ್ ಮಾಡೋದು ಹೇಗೆ ಅಂತ ಒದ್ದಾಡುತ್ತಾರೆ. ಅಲ್ಲಿ ಮೊದಲು ಕಾಪಿ ಮಾಡಬೇಕು. ಹೊಸ ಜಾಗಕ್ಕೆ ಹೋಗಿ ಆಪ್ಷನ್, ಕಮಾಂಡ್, ವಿ ಒತ್ತಿದರೆ ಫೈಲ್ ಅಲ್ಲಿಗೆ ಸರಿಯುತ್ತದೆ.

ಹಂತ 7: ಸೇವ್ ಮಾಡುವಾಗಲೇ ಜಾಗ ನೋಡಿ

ನಿಜ ಹೇಳಬೇಕಂದ್ರೆ ಕಳೆದುಹೋಗುವ ಫೈಲ್‌ಗಳು ಜಾಸ್ತಿ ಕಳೆಯುವುದು ಫೈಲ್ ಮ್ಯಾನೇಜರ್‌ನಲ್ಲಿ ಅಲ್ಲ, ಸೇವ್ ಒತ್ತಿದಾಗ ಬರುವ ಆ ಚಿಕ್ಕ ಕಿಟಕಿಯಲ್ಲಿ. ಹೆಸರು ಬರೆದು ಎಂಟರ್ ಒತ್ತಿಬಿಡುತ್ತೇವೆ, ಯಾವ ಫೋಲ್ಡರ್ ಅಂತ ನೋಡುವುದೇ ಇಲ್ಲ.

ಅದಕ್ಕೊಂದು ಒಳ್ಳೆ ದಾರಿ ಇದೆ. ಫೈಲ್ ಮ್ಯಾನೇಜರ್‌ನಲ್ಲಿ ಬೇಕಾದ ಫೋಲ್ಡರ್ ಮೊದಲೇ ತೆರೆದು ಅದರ ವಿಳಾಸ ಕಾಪಿ ಮಾಡಿಕೊಳ್ಳಿ. ವಿಂಡೋಸ್‌ನಲ್ಲಾದರೆ ಸೇವ್ ಕಿಟಕಿಯ ಹೆಸರಿನ ಪೆಟ್ಟಿಗೆಯಲ್ಲೇ ಆ ವಿಳಾಸ ಪೇಸ್ಟ್ ಮಾಡಿ ಎಂಟರ್ ಒತ್ತಿ, ಕಿಟಕಿ ಅಲ್ಲಿಗೆ ಜಿಗಿಯುತ್ತದೆ. ಆಮೇಲೆ ಫೈಲ್‌ನ ಹೆಸರು ಬರೆಯಿರಿ. ಮ್ಯಾಕ್‌ನಲ್ಲಿ ಕಾಪಿಯೂ ಬೇಡ, ಫೈಂಡರ್‌ನಿಂದ ಫೋಲ್ಡರ್ ಅನ್ನು ಎಳೆದು ಸೇವ್ ಕಿಟಕಿ ಮೇಲೆ ಬಿಟ್ಟರೆ ಸಾಕು. ಹೆಸರಿನ ಪಕ್ಕ ಒಂದು ಚಿಕ್ಕ ಬಾಣ ಇದೆಯಲ್ಲ, ಅದನ್ನು ಒತ್ತಿದರೆ ಎಡಗಡೆ ಪಟ್ಟಿ ಸಮೇತ ಕಿಟಕಿ ದೊಡ್ಡದಾಗುತ್ತದೆ.

ಹಂತ 8: ಹುಡುಕುವ ಮೊದಲು, ಎಲ್ಲಿ ಹುಡುಕುತ್ತಿದೆ ಅಂತ ತಿಳಿಯಿರಿ

ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಹುಡುಕಾಟ ನೀವು ಈಗ ನಿಂತಿರುವ ಫೋಲ್ಡರ್‌ನಿಂದ ಕೆಳಕ್ಕೆ ಹೋಗುತ್ತದೆ. ತಪ್ಪು ಫೋಲ್ಡರ್‌ನಲ್ಲಿ ನಿಂತು ಹುಡುಕಿ, ಇಲ್ಲ ಅಂದಿತು ಅಂತ ಅಳಬಾರದು. ಒಂದು ಹಂತ ಮೇಲಕ್ಕೆ ಹೋಗಿ, ನಿಮ್ಮ ಹೆಸರಿನ ಫೋಲ್ಡರ್‌ನಿಂದ ಹುಡುಕಿ. ಫೈಂಡರ್ ಇದಕ್ಕೆ ಉಲ್ಟಾ, ನೀವು ಬದಲಿಸದಿದ್ದರೆ ಇಡೀ ಮ್ಯಾಕ್ ಜಾಲಾಡುತ್ತದೆ. ಸಂಬಂಧವೇ ಇಲ್ಲದ ನೂರು ಫೈಲ್ ಬರುವುದು ಅದಕ್ಕೇ. ಅದರ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ‘ಸರ್ಚ್ ದ ಕರೆಂಟ್ ಫೋಲ್ಡರ್’ ಆರಿಸಿಕೊಳ್ಳಬಹುದು.

ಎಡಗಡೆ ಪಟ್ಟಿಯೇ ಮಾಯವಾದರೆ

ಕೈ ತಾಗಿ ಯಾವುದೋ ಕೀಲಿ ಒತ್ತಿಹೋಗಿ ಪಟ್ಟಿಯೋ ಮೆನುವೋ ಕಾಣೆಯಾಗುವುದು ಮಾಮೂಲಿ. ಗಾಬರಿ ಬೇಡ, ತಂತ್ರಾಂಶವನ್ನು ಮತ್ತೆ ಇನ್‌ಸ್ಟಾಲ್ ಮಾಡುವ ಕೆಲಸವೂ ಬೇಡ. ವಿಂಡೋಸ್ 11ರಲ್ಲಿ ಮೇಲಿನ ವ್ಯೂ ಒತ್ತಿ, ‘ಶೋ’ ಒಳಗೆ ‘ನ್ಯಾವಿಗೇಶನ್ ಪೇನ್’ಗೆ ಟಿಕ್ ಹಾಕಿ. ಮ್ಯಾಕ್‌ನಲ್ಲಿ ವ್ಯೂ ಮೆನುವಿನ ‘ಶೋ ಸೈಡ್‌ಬಾರ್’. ಫೈಲ್ಸ್‌ನಲ್ಲೂ ಡಾಲ್ಫಿನ್‌ನಲ್ಲೂ ಎಫ್9. ಡಾಲ್ಫಿನ್‌ನ ಮೇಲಿನ ಮೆನು ಸಾಲು ಹೋಗಿದ್ದರೆ ಕಂಟ್ರೋಲ್ ಜೊತೆ ಎಂ.

ಡಾಲ್ಫಿನ್‌ನಲ್ಲಿ ಎಫ್9 ಬದಲು ಎಫ್7 ಒತ್ತಿದರೆ ಪೂರ್ತಿ ಫೋಲ್ಡರ್ ಮರ ಬರುತ್ತದೆ, ಎಫ್3 ಒತ್ತಿದರೆ ಕಿಟಕಿ ಎರಡು ಭಾಗ ಆಗುತ್ತದೆ. ಅದನ್ನು ಕಂಡು ನನ್ನ ಗೆಳೆಯನೊಬ್ಬ ಏನೋ ಕೆಟ್ಟುಹೋಯಿತು ಅಂತ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ್ದ. ಎಫ್3 ಇನ್ನೊಮ್ಮೆ ಒತ್ತಿದ್ದರೆ ಮುಗಿದಿತ್ತು.